ಬೆಳ್ಳಿ ದ್ವೀಪದ ಲೆಕ್ಕ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಬೆಳ್ಳಿಯೆಲ್ಲ ಬೆಳ್ಳಗಿರುವುದಿಲ್ಲ ಎಂಬುದನ್ನು ಮಾತ್ರ ನಮ್ಮ ಸಂಘದ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವರ್ಷಕ್ಕೊಮ್ಮೆ ವರಮಹಾಲಕ್ಷ್ಮಿ ವ್ರತಕ್ಕೋ ಗೌರಿ ಹಬ್ಬಕ್ಕೋ ಪಂಚಪಾತ್ರೆ, ಉದ್ಧರಣೆ, ಆರತಿ ತಟ್ಟೆಗಳನ್ನು ಹೊರತೆಗೆದರೆ ಎಲ್ಲವೂ ಕಾಡಿಗೆ ಹಚ್ಚಿದಂತೆ ಕಪ್ಪು. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಕೂಡಿ ಸಿಲ್ವರ್ ಸಲ್ಫೈಡ್ ಆಗುವುದರಿಂದ ಈ ಕಪ್ಪು. ವಿಭೂತಿ ಹಾಕಿ ಉಜ್ಜಿ ನಾವು ತೊಳೆದುಬಿಡುವ ಈ ವಸ್ತುವೇ ಭೂಮಿಯೊಳಗೆ ಬೆಳ್ಳಿಯ ಒಂದು ಮುಖ್ಯ ಅದಿರು. ಹಳೆಯ ಪುಸ್ತಕಗಳು ಅದನ್ನು ಆರ್ಜೆಂಟೈಟ್ ಎನ್ನುತ್ತವೆ. ಹೀಗಾಗಿ ಬೆಳ್ಳಿ ಹುಡುಕುವವನು ಹೊಳಪನ್ನೇ ನೋಡುತ್ತ ಹೋದರೆ ಕೆಟ್ಟ. ಕಪ್ಪು ಕಲೆಯನ್ನೂ ಗಮನಿಸಬೇಕು.

ಹೀಗೆ ಹುಡುಕುವವರ ಭಾಷೆಯಲ್ಲಿ 'ಷೋಯಿಂಗ್' ಎಂಬ ಮಾತೊಂದಿದೆ. ಬಂಡೆಯ ಮೇಲೆ ಖನಿಜದ ಕುರುಹು ಕಣ್ಣಿಗೆ ಕಂಡರೆ ಅದು ಷೋಯಿಂಗ್. ಅಗೆದು, ಕೊರೆದು, ಅಳೆದು ನೋಡಿ ಆಸೆ ಉಳಿದರೆ ಮುಂದಿನ ಮೆಟ್ಟಿಲು. ಲಾಭ ಕಟ್ಟಿಟ್ಟಂತೆ ಕಂಡರೆ ಗಣಿ. ಈ ಕೆನಡಾ ದೇಶದಲ್ಲಿ ಇಂಥ ಕುರುಹುಗಳು ಸಾವಿರಾರು, ಗಣಿಯಾದವು ಬೆರಳೆಣಿಕೆಯಷ್ಟು. ಹೆಣ್ಣು ನೋಡಿ ಬಂದ ಮಾತ್ರಕ್ಕೆ ಮದುವೆಯಾಗುವುದಿಲ್ಲ ಎಂದು ನಮ್ಮ ಕಡೆ ಹೇಳುವುದಿಲ್ಲವೇ, ಹಾಗೆ.

ಒಂದು ಚಿಕ್ಕ ಕುರುಹು ಗಣಿಯಾಗಿ, ಹೆಸರು ಮಾಡಿ, ಮತ್ತೆ ನೀರಿನ ಪಾಲಾದ ಕಥೆಯನ್ನು ಹೇಳುವುದು ಈ ಲೇಖನದ ಉದ್ದೇಶ. ಒಂಟೇರಿಯೋ ಪ್ರಾಂತದ ಥಂಡರ್ ಬೇ ಊರಿನ ಪೂರ್ವಕ್ಕೆ, ಸುಪೀರಿಯರ್ ಮಹಾಸರೋವರದಲ್ಲಿರುವ ಆ ಜಾಗದ ಹೆಸರು ಸಿಲ್ವರ್ ಐಲೆಟ್, ಅಂದರೆ ಬೆಳ್ಳಿ ಕಿರುದ್ವೀಪ. ಟೊರಾಂಟೊ ಕಡೆಯವರಾದ ನಮಗೆ ಅಲ್ಲಿಗೆ ಹೋಗುವುದೆಂದರೆ ಸುಮಾರು 1400 ಕಿಲೋಮೀಟರ್ ಕಾರು ಓಡಿಸುವ ಕೆಲಸ. ಪುಳಿಯೋಗರೆ, ಮೊಸರನ್ನ, ಚಕ್ಕುಲಿ ತುಂಬಿಕೊಂಡು ಎರಡು ದಿನದ ಪ್ರಯಾಣ ಮಾಡಿ ತಲುಪಿದೆವು.

ಥಂಡರ್ ಬೇ ಊರಿನ ದಡದಿಂದ ನೋಡಿದರೆ ನೀರಿನಾಚೆ ಒಬ್ಬ ದೈತ್ಯ ಎದೆಯ ಮೇಲೆ ಕೈಯಿಟ್ಟು ಅಂಗಾತ ಮಲಗಿದಂತೆ ಬೆಟ್ಟ ಕಾಣುತ್ತದೆ. ಅದೇ 'ಸ್ಲೀಪಿಂಗ್ ಜೈಂಟ್'. ಈ ನೆಲದ ಮೂಲನಿವಾಸಿಗಳಾದ ಒಜಿಬ್ವೆ ಜನರ ಹೆಸರಿನೊಂದಿಗೆ ಒಂದು ಕಥೆ ಅಲ್ಲಿ ಪ್ರಚಾರದಲ್ಲಿದೆ. ನಾನಬಿಜು ಎಂಬ ಮಹಾಪುರುಷ ತನ್ನ ಜನರಿಗೆ ಬೆಳ್ಳಿಯ ಜಾಗ ತೋರಿಸಿ, ಈ ಗುಟ್ಟು ಬಿಳಿಯರ ಕಿವಿಗೆ ಬಿದ್ದರೆ ನಾನು ಕಲ್ಲಾಗುತ್ತೇನೆ ಎಂದನಂತೆ. ಗುಟ್ಟು ಹೊರಬಿತ್ತು, ಅವನು ಕಲ್ಲಾದ. ಚರಿತ್ರೆಯ ಕಡೆಯಿಂದ ಹೇಳುವುದಾದರೆ, ಸರೋವರದ ಈ ಉತ್ತರ ದಡವನ್ನು ಸರ್ಕಾರವು 1850ರ ರಾಬಿನ್ಸನ್-ಸುಪೀರಿಯರ್ ಒಪ್ಪಂದದ ಮೂಲಕ ಆ ಜನರಿಂದ ಪಡೆಯಿತು. ಅದಕ್ಕೂ ಮೊದಲೇ, 1840ರ ದಶಕದಲ್ಲೇ, ಗಣಿ ಕಂಪನಿಗಳು ಇಲ್ಲಿ ಜಾಗ ಹಿಡಿಯತೊಡಗಿದ್ದವು. ಕಥೆಯನ್ನು ಯಾರು ಕಟ್ಟಿದರೋ, ಅದರ ನೋವಿಗೆ ಕಾರಣವಂತೂ ಇತ್ತು.

ಇನ್ನು ಕಲ್ಲಿನ ವಿಚಾರ. ಇಲ್ಲಿನ ತಳದ ಬಂಡೆ ರೋವ್ ಷೇಲ್ ಎಂಬ ಕರಿ ಜೇಡುಕಲ್ಲು. ಸುಮಾರು 180 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂತ ಕೆಸರು ಗಟ್ಟಿಯಾದದ್ದು. ಇದರಲ್ಲಿ ಇಂಗಾಲದ ಅಂಶ ಹೆಚ್ಚು. ಆಮೇಲೆ ಸುಮಾರು 110 ಕೋಟಿ ವರ್ಷಗಳ ಹಿಂದೆ ಉತ್ತರ ಅಮೆರಿಕ ಖಂಡ ನಡುವೆ ಸೀಳತೊಡಗಿತು. ಸೀಳು ಪೂರ್ತಿಯಾಗಲಿಲ್ಲ, ಆದರೆ ಕೆಳಗಿನ ಕಲ್ಲಿನ ರಸ ಬಿರುಕುಗಳಲ್ಲಿ ಮೇಲೆ ನುಗ್ಗಿ ಬಂದು ತಣಿದು ಗಟ್ಟಿಯಾಯಿತು. ಅಡ್ಡಡ್ಡವಾಗಿ ಹಾಸಿಕೊಂಡದ್ದು ಮಲಗಿದ ದೈತ್ಯನ ಬೆಟ್ಟಕ್ಕೆ ಚಪ್ಪಡಿಯಾಗಿ ಕೂತಿದೆ. ನೆಟ್ಟಗೆ ಗೋಡೆಯಂತೆ ನಿಂತದ್ದಕ್ಕೆ ಡೈಕ್ ಎನ್ನುತ್ತಾರೆ. ಅಂಥ ಒಂದು ಡೈಕ್ ದಡದ ಪಕ್ಕದಲ್ಲಿ ನೀರಿನೊಳಗೆ ಹಾದುಹೋಗಿದೆ. ಸಿಲ್ವರ್ ಐಲೆಟ್ ಅದರ ಮೇಲಿದೆ.

ಇದೆಲ್ಲ ಆದಮೇಲೆ ಬಂಡೆ ಮತ್ತೊಮ್ಮೆ ಬಿರಿಯಿತು. ಆ ಬಿರುಕು ಜೇಡುಕಲ್ಲನ್ನೂ ಡೈಕನ್ನೂ ಅಡ್ಡ ಕತ್ತರಿಸಿಕೊಂಡು ಹೋಯಿತು. ಅದರಲ್ಲಿ ಬಿಸಿಯಾದ ಉಪ್ಪುನೀರು ಹರಿದು, ಕ್ಯಾಲ್ಸೈಟ್ ಮತ್ತು ಬೆಣಚುಕಲ್ಲನ್ನು ಕೂಡಿಸುತ್ತ ಬಿರುಕನ್ನು ತುಂಬಿತು. ಕೋಲಾರದಲ್ಲಿ 'ರೀಫ್' ಎನ್ನುವಂಥದ್ದನ್ನೇ ಇಲ್ಲಿ 'ವೇನ್' ಎನ್ನುತ್ತಾರೆ. ಕನ್ನಡದಲ್ಲಿ ಸಿರ ಎನ್ನಬಹುದು. ಈ ಸಿರವನ್ನು ದಡದ ಮೇಲೂ ಗುರುತಿಸಬಹುದು, ಆದರೆ ಜೇಡುಕಲ್ಲಿನ ನಡುವೆ ಹಾದುಹೋಗುವಲ್ಲೆಲ್ಲ ಅದು ಬರಡು. ಡೈಕನ್ನು ಕತ್ತರಿಸುವ ಜಾಗದಲ್ಲಿ ಮಾತ್ರ ಅದರೊಳಗೆ ಅಚ್ಚ ಬೆಳ್ಳಿ ಎಳೆಎಳೆಯಾಗಿ, ತಗಡಿನಂತೆ, ಕ್ಯಾಲ್ಸೈಟಿನೊಳಗೆ ಹೆಣೆದುಕೊಂಡಿತ್ತು. ಜೊತೆಗೆ ನಮ್ಮ ಪೂಜಾಪಾತ್ರೆಯ ಕಪ್ಪಾದ ಆರ್ಜೆಂಟೈಟ್, ಸೀಸದ ಅದಿರು, ನಿಕ್ಕಲ್, ಕೋಬಾಲ್ಟ್, ಆರ್ಸೆನಿಕ್ ಸೇರಿದ ಖನಿಜಗಳು. ಒಂದೇ ಬಿರುಕು, ಒಂದೇ ನೀರು. ಎರಡು ಕಲ್ಲುಗಳು ಸೇರುವ ಒಂದು ಸಣ್ಣ ತಾಣದಲ್ಲಷ್ಟೇ ಐಶ್ವರ್ಯ. ಆ ತಾಣ ಬಿದ್ದದ್ದಾದರೂ ಎಲ್ಲಿ? ದಡದಿಂದ ಸುಮಾರು ಒಂದು ಕಿಲೋಮೀಟರ್ ಆಚೆ, ನೀರಿನಿಂದ ಎಂಟು ಅಡಿಯಷ್ಟು ಮಾತ್ರ ತಲೆಯೆತ್ತಿದ್ದ ಒಂದು ಬೋಳು ಬಂಡೆಯ ಮೇಲೆ.

ಅದನ್ನು ಕಂಡವರು ಬೆಳ್ಳಿ ಹುಡುಕಲು ಬಂದವರಲ್ಲ. ಮಾಂಟ್ರಿಯಲ್ ಮೈನಿಂಗ್ ಕಂಪನಿಯವರು ತಾಮ್ರದ ಆಸೆಯಿಂದ 1840ರ ದಶಕದಲ್ಲಿ ಈ ದಡದುದ್ದಕ್ಕೂ ಜಾಗ ಹಿಡಿದು ಇಪ್ಪತ್ತು ವರ್ಷ ಸುಮ್ಮನೆ ಬಿಟ್ಟಿದ್ದರು. 1866ರಲ್ಲಿ ಪೀಟರ್ ಮೆಕೆಲ್ಲರ್ ಎಂಬುವರಿಗೆ ಇಂದಿನ ಥಂಡರ್ ಬೇ ಊರಿನ ಹತ್ತಿರ ಬೆಳ್ಳಿಯ ಸಿರ ಸಿಕ್ಕಿ ಸುತ್ತಮುತ್ತ ಸುದ್ದಿಯಾಯಿತು. 1868ರಲ್ಲಿ ಕಂಪನಿಯವರು ಥಾಮಸ್ ಮ್ಯಾಕ್‌ಫರ್ಲೇನ್ ಎಂಬ ಭೂವಿಜ್ಞಾನಿಯನ್ನು ತಮ್ಮ ಜಾಗಗಳನ್ನು ಪರೀಕ್ಷಿಸಿ ಎಲ್ಲೆ ಗುರುತಿಸಲು ಕಳಿಸಿದರು. ಆ ಜುಲೈ ತಿಂಗಳಲ್ಲಿ ಅವರ ತಂಡದವರು ಈ ಬಂಡೆಗೆ ದೋಣಿ ಹಚ್ಚಿದಾಗ ಸಿರ ಕಂಡಿತು. ನೀರಿನ ಅಂಚಿನಲ್ಲಿ ಬೆಳ್ಳಿಯೂ ಕಂಡಿತು. ನೀರೊಳಗೆ ಬಗ್ಗಿ ನೋಡಿದರೆ ಸಿರ ಹಾಗೇ ಕೆಳಗಿಳಿದಿತ್ತು.

ಸಿಕ್ಕಿದ್ದೇನೋ ಸಿಕ್ಕಿತು, ತೆಗೆಯುವುದು ಹೇಗೆ? ಈ ಸರೋವರ ಹೆಸರಿಗೆ ಸರೋವರ. ನೋಡಿದರೆ ಕಾರವಾರದ ಕಡಲಿನಂತೆ. ಗಾಳಿ ಎದ್ದರೆ ಅಲೆ ಬಂಡೆಯನ್ನು ಪೂರ್ತಿ ಮುಳುಗಿಸುತ್ತಿತ್ತು. ಮ್ಯಾಕ್‌ಫರ್ಲೇನ್ ಮತ್ತು ಕೆಲವೇ ಆಳುಗಳು ಎರಡು ವರ್ಷ ಒದ್ದಾಡಿ ಸ್ವಲ್ಪ ಅದಿರು ತೆಗೆದರು. ಅದು ಬಹಳ ಶ್ರೀಮಂತವಾದ ಅದಿರೇ. ಆದರೆ ದೊಡ್ಡ ಬಂಡವಾಳ ಹಾಕುವ ಧೈರ್ಯ ಮಾಂಟ್ರಿಯಲ್‌ನವರಿಗೆ ಬರಲಿಲ್ಲ. 1870ರಲ್ಲಿ 2,25,000 ಡಾಲರಿಗೆ ತಮ್ಮ ಜಾಗಗಳನ್ನು ಅಲೆಗ್ಸಾಂಡರ್ ಸಿಬ್ಲಿ ಎಂಬ ಅಮೆರಿಕದವನ ಕೂಟಕ್ಕೆ ಮಾರಿ ಕೈತೊಳೆದುಕೊಂಡರು. ಇಂದು ಆ ಪರ್ಯಾಯ ದ್ವೀಪಕ್ಕೇ ಸಿಬ್ಲಿಯ ಹೆಸರಿದೆ.

ಸಿಬ್ಲಿಯ ಕೂಟ ಕಳಿಸಿದ್ದು ವಿಲಿಯಂ ಫ್ರೂ ಎಂಬ ಗಣಿ ಕ್ಯಾಪ್ಟನ್‌ನನ್ನು. ಈತನ ಹಟದ ಬಗ್ಗೆ ಓದಿದರೆ ನಮ್ಮ ಕಡೆಯ ಕೆರೆ ಕಟ್ಟಿದ ಪಾಳೇಗಾರರ ನೆನಪಾಗುತ್ತದೆ. ಭಾರಿ ಮರದ ದಿಮ್ಮಿಗಳನ್ನು ಪೆಟ್ಟಿಗೆಯಂತೆ ಜೋಡಿಸಿ, ಒಳಗೆ ಕಲ್ಲು ತುಂಬಿ, ಬಂಡೆಯ ಸುತ್ತ ಕಟ್ಟೆ ಕಟ್ಟಿಸಿದ. 1870ರ ಕೊನೆಯ ಬಿರುಗಾಳಿಗಳಲ್ಲಿ ಸರೋವರ ಅದನ್ನು ಒಡೆಯಿತು. ಮತ್ತೆ ಕಟ್ಟಿಸಿದ. ಮತ್ತೆ ಒಡೆಯಿತು. ಮೂಲದ ಬಂಡೆಯ ಹತ್ತು ಪಟ್ಟಿಗೂ ಹೆಚ್ಚು ಜಾಗವನ್ನು ಗಣಿಯಿಂದ ತೆಗೆದ ಕಲ್ಲಿನಿಂದಲೇ ತುಂಬಿ ನೆಲ ಮಾಡಿದ. ಆ ನೆಲದ ಮೇಲೆ ಯಂತ್ರದ ಮನೆ, ಕಾರ್ಮಿಕರ ವಸತಿಗಳು ಎದ್ದವು. ಎದುರಿನ ದಡದಲ್ಲಿ ಊರು, ಅಂಗಡಿ, ಚರ್ಚು, ಶಾಲೆ, ಒಂದು ಸೆರೆಮನೆ ಕೂಡ. ಕೆಲಸಗಾರರಲ್ಲಿ ಹೆಚ್ಚಿನವರು ಇಂಗ್ಲೆಂಡಿನ ಕಾರ್ನ್‌ವಾಲ್‌ನವರು ಮತ್ತು ನಾರ್ವೆಯವರು. ಕಾರ್ನ್‌ವಾಲ್ ಎಂದಾಗ ಕೋಲಾರದ ಕಡೆಯ ಓದುಗರ ಕಿವಿ ನೆಟ್ಟಗಾಗಬಹುದು. ಆ ಮಾತಿಗೆ ಆಮೇಲೆ ಬರುತ್ತೇವೆ.

ಮೊದಲ ಐಶ್ವರ್ಯದ ತಾಣ ಮೇಲಿನ ಮುನ್ನೂರು ಅಡಿಗಳ ಒಳಗೇ ಇತ್ತು. ಅದರ ಅದಿರು ಹಡಗಿನಲ್ಲಿ ಡೆಟ್ರಾಯಿಟ್ ಪಕ್ಕದ ವಯಾಂಡಾಟ್ ಊರಿನ ಕುಲುಮೆಗೆ ಹೋಗುತ್ತಿತ್ತು. ಹಾಕಿದ ಹಣ ಬೇಗನೆ ಕೈಸೇರಿತು. ಒಳ್ಳೆಯ ಅದಿರು ಕರಗುತ್ತ ಬಂದಂತೆ ಫ್ರೂ ಬಡ ಅದಿರಿನ ಕಡೆ ಗಮನಹರಿಸಿದ. ಅದಿರನ್ನು ಕುಟ್ಟಿ ಪುಡಿಮಾಡಿ, ಓರೆಯಾಗಿ ಕಟ್ಟಿದ ಅಗಲವಾದ ರಬ್ಬರ್ ಪಟ್ಟಿಯ ಮೇಲೆ ನೀರಿನ ಜೊತೆ ಬಿಟ್ಟು, ಪಟ್ಟಿಯನ್ನು ಅಡ್ಡಕ್ಕೆ ಅಲ್ಲಾಡಿಸುವ ಯಂತ್ರವೊಂದನ್ನು ಮಾಡಿದ. ಹಗುರವಾದ ಕಲ್ಲಿನ ಪುಡಿ ನೀರಿನೊಡನೆ ಕೊಚ್ಚಿಹೋಗುತ್ತದೆ, ಭಾರವಾದ ಬೆಳ್ಳಿಯ ಅಂಶ ಪಟ್ಟಿಯ ಮೇಲೆ ಉಳಿದು ಮೇಲಕ್ಕೆ ಸಾಗುತ್ತದೆ. ಅಜ್ಜಿ ಮೊರದಲ್ಲಿ ಅಕ್ಕಿ ಒನೆದು ಕಲ್ಲು ಬೇರೆ ಮಾಡುವ ಉಪಾಯವೇ ಇದು. 'ಫ್ರೂ ವ್ಯಾನರ್' ಎಂಬ ಹೆಸರಿನಲ್ಲಿ ಈ ಯಂತ್ರ ಮುಂದೆ ದೂರದೂರದ ಗಣಿಗಳಲ್ಲಿ ಬಳಕೆಗೆ ಬಂತು. ಗಣಿಗಿಂತ ಯಂತ್ರದ ಆಯುಷ್ಯವೇ ದೀರ್ಘವಾಯಿತು.

1878ರಲ್ಲಿ ಇನ್ನೊಂದು ಶ್ರೀಮಂತ ತಾಣ ಸಿಕ್ಕಿತು. ಆ ಕಾಲದ ರಸಾಯನಜ್ಞರು ಈ ಅದಿರಿನಲ್ಲಿ ಹೊಸ ಖನಿಜಗಳಿವೆ ಎಂದು ಹಂಟಿಲೈಟ್, ಅನಿಮಿಕೈಟ್ ಎಂದೆಲ್ಲ ನಾಮಕರಣ ಮಾಡಿದರು. ಮುಂದೆ ಪರೀಕ್ಷಿಸಿದಾಗ ಅವು ಹಳೆಯ ಖನಿಜಗಳ ಮಿಶ್ರಣಗಳೆಂದು ತಿಳಿದು ಹೆಸರುಗಳು ಪಟ್ಟಿಯಿಂದ ಹೋದವು. ಎರಡನೆಯ ತಾಣವೂ ಮುಗಿಯಿತು. ಮೂರನೆಯದರ ಆಸೆಯಿಂದ ಬಾವಿಯನ್ನು 1200 ಅಡಿಗಿಂತಲೂ ಆಳಕ್ಕೆ ಇಳಿಸಿದರು. ಮೂರನೆಯದು ಸಿಗಲಿಲ್ಲ.

ಈ ಹೊತ್ತಿಗೆ ಹೊರಗಿನ ಪ್ರಪಂಚವೂ ಕೈಕೊಡುತ್ತಿತ್ತು. ಜರ್ಮನಿ, ಅಮೆರಿಕ ಮುಂತಾದ ದೇಶಗಳು 1870ರ ದಶಕದಲ್ಲಿ ಚಿನ್ನದ ನಾಣ್ಯಪದ್ಧತಿಯ ಕಡೆ ತಿರುಗಿದ್ದರಿಂದ ಬೆಳ್ಳಿಗೆ ಬೇಡಿಕೆ ತಗ್ಗಿತು. 1870ರಲ್ಲಿ ಔನ್ಸಿಗೆ 1 ಡಾಲರ್ 30 ಸೆಂಟಿನ ಆಸುಪಾಸು ಇದ್ದ ಬೆಲೆ 1884ರ ಹೊತ್ತಿಗೆ 1 ಡಾಲರ್ 10 ಸೆಂಟಿನ ಸಮೀಪಕ್ಕೆ ಇಳಿದಿತ್ತು. ಇದರ ಬಿಸಿ ನಮ್ಮ ಅಜ್ಜಂದಿರ ಅಜ್ಜಂದಿರಿಗೂ ತಟ್ಟಿದೆ. ನಮ್ಮ ರೂಪಾಯಿ ಆಗ ಬೆಳ್ಳಿಯದು. ಆ ಹೆಸರೇ ಬೆಳ್ಳಿ ಎಂಬ ಅರ್ಥದ 'ರೂಪ್ಯ' ಶಬ್ದದಿಂದ ಬಂದದ್ದು. ಬೆಳ್ಳಿ ಅಗ್ಗವಾದಂತೆ ರೂಪಾಯಿ ಕುಸಿದು, ಕೊನೆಗೆ 1893ರಲ್ಲಿ ಬ್ರಿಟಿಷ್ ಸರ್ಕಾರ ಇಂಡಿಯಾದ ಟಂಕಸಾಲೆಗಳಲ್ಲಿ ಜನ ಬೆಳ್ಳಿ ಕೊಟ್ಟು ರೂಪಾಯಿ ಮಾಡಿಸಿಕೊಳ್ಳುವುದನ್ನೇ ನಿಲ್ಲಿಸಿತು.

ಸಿಲ್ವರ್ ಐಲೆಟ್ ಅಷ್ಟು ದಿನ ಕಾಯಲಿಲ್ಲ. ಸರೋವರದ ತಳದ ಗಣಿಯೆಂದರೆ ಹಗಲೂ ರಾತ್ರಿ ಒಳಗೆ ನೀರು ಜಿನುಗುತ್ತಲೇ ಇರುತ್ತದೆ. ಹಬೆಯ ಪಂಪುಗಳು ಅದನ್ನು ಎಡೆಬಿಡದೆ ಎತ್ತಿ ಹೊರಹಾಕಬೇಕು. ಪಂಪಿಗೆ ಕಲ್ಲಿದ್ದಲು ಬೇಕು. ಕಲ್ಲಿದ್ದಲು ಹಡಗಿನಲ್ಲಿ, ಸರೋವರ ಹೆಪ್ಪುಗಟ್ಟುವುದರೊಳಗೆ ಬಂದು ಸೇರಬೇಕು. 1883ರ ಕೊನೆಯಲ್ಲಿ ಬರಬೇಕಾಗಿದ್ದ ಕಲ್ಲಿದ್ದಲು ಬರಲೇ ಇಲ್ಲ. ಇದ್ದದ್ದು ಮುಗಿಯುವವರೆಗೆ ಪಂಪುಗಳು ನಡೆದವು. 1884ರ ಆರಂಭದಲ್ಲಿ ನಿಂತವು. ಗಣಿ ತುಂಬಿಹೋಯಿತು. ಅಲ್ಲಿಗೆ ಹದಿನಾರು ವರ್ಷಗಳಲ್ಲಿ ಆ ಬಂಡೆಯಿಂದ ಬಂದ ಬೆಳ್ಳಿಯ ಬೆಲೆ ಸುಮಾರು 32 ಲಕ್ಷ 50 ಸಾವಿರ ಡಾಲರ್. 1920ರ ಆಸುಪಾಸಿನಲ್ಲಿ ಮತ್ತೊಂದು ಕೂಟದವರು ಮೇಲಿನ ಅಂತಸ್ತುಗಳ ನೀರು ಬಸಿದು ನೋಡಿದರು, ಹೆಚ್ಚೇನೂ ದಕ್ಕಲಿಲ್ಲ. ಅಷ್ಟರಲ್ಲಿ ಒಂಟೇರಿಯೋದ ಬೆಳ್ಳಿಯ ಕಿರೀಟ 1903ರಲ್ಲಿ ರೈಲುಹಾದಿ ಹಾಕುವಾಗ ಸಿಕ್ಕ ಕೋಬಾಲ್ಟ್ ಊರಿನ ಗಣಿಗಳಿಗೆ ಹೋಗಿತ್ತು.

ನಾವು ನೋಡಿದ್ದು ದಡದಿಂದ. ಗಣಿಗಾರರ ಮರದ ಮನೆಗಳು ಬೇಸಿಗೆ ಬಿಡಾರಗಳಾಗಿ ಸಾಲಾಗಿ ನಿಂತಿವೆ. ಫ್ರೂ ಕಟ್ಟಿಸಿದ ಕಟ್ಟೆಗಳನ್ನು ಅಲೆಗಳು ತಿಂದುಹಾಕಿ, ಆಚೆ ನೀರಿನಲ್ಲಿ ಒಂದು ತಗ್ಗಾದ ಗೆರೆ ಮಾತ್ರ ಕಾಣುತ್ತದೆ. ಅದೇ ಗಣಿ ಎಂದರೆ ಮಕ್ಕಳು ನಂಬಲಿಲ್ಲ. "ಕೆಳಗೆ ಇನ್ನೂ ಬೆಳ್ಳಿ ಇದೆಯಾ?" ಎಂದು ಮಗಳು ಕೇಳಿದಳು. ಸ್ವಲ್ಪ ಇದ್ದೀತು ಎಂದೆವು. "ಹಾಗಾದರೆ ಯಾಕೆ ತೆಗೆಯೋದಿಲ್ಲ?" ಎಂದಳು.

ಈ ಪ್ರಶ್ನೆಗೆ ನಮಗಿಂತ ಚೆನ್ನಾಗಿ ಉತ್ತರ ಹೇಳಬಲ್ಲವರು ನಮ್ಮ ದೊಡ್ಡಪ್ಪ. ಅವರು ಕೋಲಾರದ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದವರು. ಇಲ್ಲಿ ಕಾರ್ನ್‌ವಾಲಿನವರ ಮಾತು ಮತ್ತೆ ಬರುತ್ತದೆ. 1880ರಿಂದ ಜಾನ್ ಟೇಲರ್ ಕಂಪನಿಯವರು ಕೋಲಾರದ ಗಣಿಗಳನ್ನು ಕೈಗೆತ್ತಿಕೊಂಡಾಗ ಅಲ್ಲಿಗೂ ಬಂದ ಕುಶಲ ಗಣಿಗಾರರಲ್ಲಿ ಕಾರ್ನ್‌ವಾಲಿನವರು ಬಹಳ. ಸಿಲ್ವರ್ ಐಲೆಟ್ ಮುಳುಗುತ್ತಿದ್ದ ವರ್ಷಗಳಲ್ಲೇ ಉರಿಗಾಂ, ಚಾಂಪಿಯನ್ ರೀಫ್ ಕಡೆ ಅದೇ ಊರಿನವರು ಬಾವಿ ಇಳಿಸುತ್ತಿದ್ದರು. ದೊಡ್ಡಪ್ಪನಿಗೆ ಫೋನಿನಲ್ಲಿ ಈ ಕಥೆಯನ್ನೆಲ್ಲ ಹೇಳಿದಾಗ ಅವರು ಬೆಳ್ಳಿ ಎಷ್ಟು ಸಿಕ್ಕಿತು ಎಂದು ಕೇಳಲಿಲ್ಲ. "ಪಂಪು ಯಾವುದರಲ್ಲಿ ನಡೀತಿತ್ತು?" ಎಂದು ಕೇಳಿದರು. ಕಲ್ಲಿದ್ದಲು ಎಂದಾಗ, "ಅದಕ್ಕೇ ಹೋಯ್ತು. ನಮಗೆ ಶಿವನಸಮುದ್ರ ಇತ್ತು" ಎಂದರು. ಕೋಲಾರದ ಪುಣ್ಯ ದೊಡ್ಡದೇ ಸರಿ. 1902ರಲ್ಲಿ ಕಾವೇರಿಯ ವಿದ್ಯುತ್ತು ಸುಮಾರು 92 ಮೈಲಿ ತಂತಿಯ ಮೇಲೆ ಗಣಿಗೆ ಹರಿದು ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಅದಾದ ಮೇಲೆ.

ಮಗಳ ಪ್ರಶ್ನೆಯನ್ನೂ ಅವರ ಮುಂದಿಟ್ಟೆವು. "ಚಿನ್ನ ಮುಗಿದು ಗಣಿ ಮುಚ್ಚೋದಿಲ್ಲ ಕಣ್ರೋ. ಒಂದು ರೂಪಾಯಿ ಚಿನ್ನ ತೆಗೆಯೋಕೆ ಒಂದೂಕಾಲು ರೂಪಾಯಿ ಖರ್ಚಾದಾಗ ಮುಚ್ಚುತ್ತೆ" ಎಂದರು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದ ಕೋಲಾರದ ಗಣಿಗಳು, 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟು, 2001ರ ಫೆಬ್ರವರಿ 28ರಂದು ನಿಂತದ್ದು ಈ ಲೆಕ್ಕದಿಂದಲೇ. ಅಲ್ಲೂ ಪಂಪು ನಿಂತ ಮೇಲೆ ನೀರು ತುಂಬಿತು. ಕೆಳಗೆ ಚಿನ್ನವೇನೂ ಪೂರ್ತಿ ಮುಗಿದಿಲ್ಲ. ಆದರೆ ಚಿನ್ನ ಇರುವುದು ಬೇರೆ, ಗಣಿ ಇರುವುದು ಬೇರೆ.

ಗಣಿಯ ಲೆಕ್ಕದಲ್ಲಿ ಬರದೇ ಹೋಗುವುದು ಊರು. ಸಿಲ್ವರ್ ಐಲೆಟ್‌ನ ಕುಟುಂಬಗಳು 1884ರಲ್ಲಿ ಗಂಟುಮೂಟೆ ಕಟ್ಟಿ ಬೇರೆ ಗಣಿಗಳ ಕಡೆ ಹೋದರು; ಗಣಿಗಾರರಿಗೆ ಅದು ಹೊಸದಲ್ಲ. ಕೆ.ಜಿ.ಎಫ್. ಹಾಗೆ ಖಾಲಿಯಾಗಲಿಲ್ಲ. ಮೂರು ನಾಲ್ಕು ತಲೆಮಾರು ಅಲ್ಲೇ ಹುಟ್ಟಿ ಬೆಳೆದವರು ಎಲ್ಲಿಗೆ ಹೋದಾರು? ದೊಡ್ಡಪ್ಪನ ಮಗ ಇಂದಿಗೂ ಕತ್ತಲಿರುವಾಗಲೇ ಎದ್ದು ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮನೆಗೆ ಬರುತ್ತಾನೆ. ಅವನಂತೆ ಎಷ್ಟೋ ಜನ. ಬೆಂಗಳೂರಿನಲ್ಲೇ ಮನೆ ಮಾಡಿ, ನಾವೂ ಕೈಲಾದಷ್ಟು ಕೊಡುತ್ತೇವೆ ಎಂದು ಎಷ್ಟು ಸಲ ಹೇಳಿದರೂ ದೊಡ್ಡಪ್ಪ ಒಪ್ಪುತ್ತಿಲ್ಲ. "ಗಣಿ ಕಂಪನಿಯದು, ಊರು ನಮ್ಮದು" ಎನ್ನುತ್ತಾರೆ. ಅವರ ವಯಸ್ಸು, ಆ ಗಣಿಯ ಧೂಳು ಕುಡಿದ ಶ್ವಾಸಕೋಶ ನೆನೆದರೆ ನಮಗೆ ಇಲ್ಲಿ ನಿದ್ದೆ ಬರುವುದಿಲ್ಲ. ಹಾಗೆಂದು ಅವರ ಮಾತು ತಪ್ಪೆನ್ನಲೂ ಬಾಯಿ ಬರುವುದಿಲ್ಲ.

ನಮ್ಮ ಸಂಘದ ಬಹುಪಾಲು ಜನ ಕೆಲಸ ಇರುವ ಕಡೆ ಬಂದು ನೆಲೆಸಿದವರೇ. ಕಾರ್ನ್‌ವಾಲಿನ ಆ ಗಣಿಗಾರರಿಗೂ ನಮಗೂ ಆ ಮಟ್ಟಿಗೆ ವ್ಯತ್ಯಾಸವಿಲ್ಲ. ಕೆಲಸ ಕೊಟ್ಟ ಕಂಪನಿಯ ಲೆಕ್ಕ ನಮ್ಮ ಕೈಯಲ್ಲಿಲ್ಲ. ಊರು ನಮ್ಮದಾಗುವುದು ಮಾತ್ರ ನಮ್ಮ ಕೈಯಲ್ಲಿದೆ. ಮಗಳಿಗೆ ನಾವು ಕೊನೆಗೆ ಹೇಳಿದ್ದು ಇಷ್ಟೇ: ಬೆಳ್ಳಿ ಇರುವ ಜಾಗವನ್ನು ಕಲ್ಲು ನಿರ್ಧರಿಸುತ್ತದೆ, ಗಣಿ ಇರುವ ಕಾಲವನ್ನು ಲೆಕ್ಕ ನಿರ್ಧರಿಸುತ್ತದೆ, ಊರು ಉಳಿಯುವುದನ್ನು ಅಲ್ಲಿರುವ ಜನ ನಿರ್ಧರಿಸುತ್ತಾರೆ.

ಹೋಗಬಯಸುವ ಸದಸ್ಯರಿಗೆ ಎರಡು ಮಾತು. ಥಂಡರ್ ಬೇ ಊರಿನಿಂದ 11-17ನೇ ಹೈವೇಯಲ್ಲಿ ಪೂರ್ವಕ್ಕೆ ಬಂದು 587ನೇ ಹೈವೇಗೆ ತಿರುಗಿ ಕೊನೆಯವರೆಗೂ ಹೋಗಬೇಕು. ಹಾದಿ ಸ್ಲೀಪಿಂಗ್ ಜೈಂಟ್ ಪ್ರಾಂತೀಯ ಉದ್ಯಾನದೊಳಗೆ ಹಾದುಹೋಗುತ್ತದೆ. ಪೆಟ್ರೋಲನ್ನು ಮೊದಲೇ ತುಂಬಿಸಿಕೊಳ್ಳಿ, ಊಟದ ಡಬ್ಬಿ ಜೊತೆಗಿರಲಿ, ಜುಲೈ ತಿಂಗಳಾದರೂ ಸ್ವೆಟರ್ ಮರೆಯಬೇಡಿ. ಉದ್ಯಾನದೊಳಗಿನ ಕಲ್ಲುಗಳನ್ನು ಒಡೆಯುವುದು, ತರುವುದು ಬೇಡ. ಮಕ್ಕಳು ಬರಿಗೈಯಲ್ಲಿ ಬರಲು ಒಪ್ಪದಿದ್ದರೆ, ಹತ್ತಿರದಲ್ಲೇ ದುಡ್ಡು ಕೊಟ್ಟು ಅಮೆಥಿಸ್ಟ್ ಎಂಬ ನೇರಳೆ ಹರಳನ್ನು ನಾವೇ ಆರಿಸಿಕೊಳ್ಳಬಹುದಾದ ಗಣಿಗಳಿವೆ. ಒಂಟೇರಿಯೋ ಪ್ರಾಂತದ ಲಾಂಛನದ ಖನಿಜವೇ ಅದು. ನಮ್ಮ ಮಕ್ಕಳು ಎರಡು ಬಕೆಟ್ ತುಂಬಿಸಿದರು. ಅದನ್ನೆಲ್ಲ ಕಾರಿನಲ್ಲಿ 1400 ಕಿಲೋಮೀಟರ್ ಹೊತ್ತು ತಂದ ಲೆಕ್ಕವನ್ನು ಮಾತ್ರ ಯಾರೂ ಕೇಳಬಾರದು. ಹೋಗಿಬಂದವರು ನಿಮ್ಮ ಅನುಭವವನ್ನು ಮುಂದಿನ ಸಂಚಿಕೆಗೆ ಬರೆದು ಕಳಿಸಿ. ಕೋಲಾರದ ಕಡೆಯವರಿದ್ದರೆ ಅವರಿಂದ ಅಲ್ಲಿನ ಕಥೆ ಕೇಳುವ ಆಸೆಯೂ ನಮಗಿದೆ.